ಬರ್ತೀನಿ ಅಂದಮೇಲೆ

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆಯಾ? ಸರಿ.

ಎನ್‌ಎಸ್‌ಎಸ್ ಮಕ್ಕಳು ಮುಂದಿನ ಸಾಲಿನಲ್ಲೇ ಇದ್ದಾರೆ, ಅವರಿಂದಲೇ ಶುರು ಮಾಡುತ್ತೇನೆ. ನಿಮಗೆ ಎರಡು ವರ್ಷದಲ್ಲಿ 240 ಗಂಟೆ ಸೇವೆ ಆಗಬೇಕು, ಅಲ್ವಾ? ಅದರಲ್ಲಿ ಒಂದಷ್ಟು ಗಂಟೆ, ಮಾನಸಿಕ ಆಸ್ಪತ್ರೆಯಿಂದ ಹೊರಬಂದ ಹೆಂಗಸರು ಇರುವ ನಮ್ಮ ಮನೆಗೆ ಕೊಡುತ್ತೇವೆ ಅಂತ ನಿಮ್ಮ ಮೇಷ್ಟ್ರು ಹೇಳಿದರು. ತುಂಬಾ ಸಂತೋಷ. ಆದರೆ ಬರುವ ಮೊದಲು ಒಂದು ವಿಷಯ ನಿಮಗೆ ಗೊತ್ತಿರಬೇಕು. ಅದನ್ನು ಹೇಳಲಿಕ್ಕೆ ಅಂತಲೇ ನಾನು ಬಂದಿದ್ದು.

ನಮ್ಮಲ್ಲಿ ಯಾರ ಮನೆಯಿಂದ ಹೊರಡುವಾಗಲೂ 'ಹೋಗ್ತೀನಿ' ಅನ್ನುವುದಿಲ್ಲ. ಅಂದರೆ ಅಜ್ಜಿಯಂದಿರು ಬೈಯುತ್ತಾರೆ. 'ಬರ್ತೀನಿ' ಅನ್ನಬೇಕು. ನೆಂಟರ ಮನೆಯಲ್ಲೂ ಅಷ್ಟೇ, ಅಂಗಡಿಯಲ್ಲೂ ಅಷ್ಟೇ. ಮತ್ತೆ ಯಾವಾಗ ಬರುತ್ತೀರಿ ಅಂತ ಯಾರೂ ಲೆಕ್ಕ ಇಡುವುದಿಲ್ಲ. ನಾನು ಪ್ರತಿ ಗುರುವಾರ ಹೋಗುವ ಮನೆಯಲ್ಲಿ ಲೆಕ್ಕ ಇಡುತ್ತಾರೆ.

ಅದು ಒಂದು ಬಡಾವಣೆಯ ಬಾಡಿಗೆ ಮನೆ. ಬೋರ್ಡ್ ಇಲ್ಲ. ಐದು ಜನ ಹೆಂಗಸರು ಇದ್ದಾರೆ. ಎಲ್ಲರೂ ವರ್ಷಗಟ್ಟಲೆ ಮಾನಸಿಕ ಆಸ್ಪತ್ರೆಗಳಲ್ಲಿ ಇದ್ದವರು. ಜೊತೆಗಿದ್ದು ನೋಡಿಕೊಳ್ಳಲಿಕ್ಕೆ ಒಬ್ಬರು ಇದ್ದಾರೆ, ಅವರಿಗೆ ಸಂಬಳ ಇದೆ. ನರ್ಸ್ ಬಂದು ಹೋಗುತ್ತಾರೆ. ಅಡುಗೆ, ಕಸ, ಬಟ್ಟೆ ಎಲ್ಲ ಇವರೇ ಹಂಚಿಕೊಂಡು ಮಾಡುತ್ತಾರೆ. ಟಿವಿ ರಿಮೋಟಿಗೆ ಜಗಳ ಇದೆ. ನಿಮ್ಮ ಮನೆ ಹಾಗೇ.

ಈ ಥರದ ಕೆಲಸ ಬೆಂಗಳೂರಿಗೆ ಹೊಸದೇನಲ್ಲ. ಮೆಡಿಕೋ ಪ್ಯಾಸ್ಟರಲ್ ಅಸೋಸಿಯೇಷನ್ 1960ರ ದಶಕದಲ್ಲೇ ಶುರುವಾಯಿತು, ರಿಚ್‌ಮಂಡ್ ಫೆಲೋಶಿಪ್ 1986ರಲ್ಲಿ. ಚೆನ್ನೈನ ಬನ್ಯನ್ ಸಂಸ್ಥೆಯವರು 2015ರಿಂದ 'ಹೋಮ್ ಅಗೇನ್' ಅಂತ ಮಾಡುತ್ತಿದ್ದಾರೆ. ನಾಲ್ಕೈದು ಜನ ಸೇರಿ ಊರಿನೊಳಗೇ ಒಂದು ಸಾಮಾನ್ಯ ಮನೆಯಲ್ಲಿ ಇರುವುದು. ಇನ್ನೊಂದು ಕಡೆ, ಮಾನಸಿಕ ಕಾಯಿಲೆ ಇದ್ದವರನ್ನು ಕಟ್ಟಿಹಾಕಿ ಇಡುತ್ತಿದ್ದ ತಮಿಳುನಾಡಿನ ಏರ್ವಾಡಿಯೂ ನಮ್ಮ ಪಕ್ಕದ ರಾಜ್ಯದ್ದೇ. 2001ರ ಆಗಸ್ಟ್ 6ರ ಬೆಳಗಿನ ಜಾವ ಅಲ್ಲಿ ಬೆಂಕಿ ಬಿತ್ತು. ಸರಪಳಿ ಹಾಕಿ ಕಟ್ಟಿದ್ದರಿಂದ ಓಡಲಿಕ್ಕಾಗದೆ 28 ಜನ ಸತ್ತರು. ಇದನ್ನು ಮರೆಯಬೇಡಿ.

ಈಗ ಕಾನೂನು ನಮ್ಮ ಕಡೆ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 19ನೇ ಸೆಕ್ಷನ್ ಓದಿ. ಮನೆಯವರು ಕರೆದುಕೊಂಡು ಹೋಗಲಿಲ್ಲ, ಮನೆಯೇ ಇಲ್ಲ ಅನ್ನುವ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಉಳಿಸಿಕೊಳ್ಳುವಂತಿಲ್ಲ. ಎಲ್ಲರ ಹಾಗೆ ಊರೊಳಗೆ ಬದುಕುವುದು ಅವರ ಹಕ್ಕು. ಸರಿ, ಕಾನೂನಿನ ಬಲದಿಂದ ಒಂದು ಮನೆ ಸಿಗಬಹುದು. ಆದರೆ ಸಂಜೆ ಹೊತ್ತು ಬಾಗಿಲು ತಟ್ಟಿ 'ಏನಕ್ಕಾ, ಕಾಫಿ ಆಯ್ತಾ' ಅಂತ ಕೇಳುವವರನ್ನು ಕಾನೂನು ತಂದುಕೊಡುವುದಿಲ್ಲ. ಅವರ ದಿನದಲ್ಲಿ ಬಂದು ಹೋಗುವವರೆಲ್ಲ ಸಂಬಳಕ್ಕೆ ಬರುವವರು. ಅದು ತಪ್ಪಲ್ಲ. ಆದರೆ ಸುಮ್ನೆ ನೋಡಲಿಕ್ಕೆ ಅಂತ ಬರುವ ಒಬ್ಬರಾದರೂ ಬೇಡವಾ?

ಅಲ್ಲಿ ಒಬ್ಬರು ಅಕ್ಕ ಇದ್ದಾರೆ. ಹೆಸರು ಹೇಳುವುದಿಲ್ಲ. ಮಂಡ್ಯದ ಕಡೆಯವರು. ಅವರ ವಿಷಯ ಇಲ್ಲಿ ಹೇಳಲಾ ಅಂತ ಕೇಳಿದೆ. 'ಸೊಪ್ಪಿಂದು ಮೊದ್ಲು ಹೇಳಿ' ಅಂದರು. ಅದನ್ನೇ ಹೇಳುತ್ತೇನೆ.

ಅವರು 19 ವರ್ಷ ಆಸ್ಪತ್ರೆಯೊಳಗೆ ಇದ್ದವರು. ಅಷ್ಟು ವರ್ಷ ಕೈಯಲ್ಲಿ ದುಡ್ಡು ಹಿಡಿದಿರಲಿಲ್ಲ. ಮೊದಲ ಗುರುವಾರ ತರಕಾರಿಗೆ ಅಂತ ಮನೆಯಿಂದ 200 ರೂಪಾಯಿ ನೋಟು ಕೊಟ್ಟರು. ಆ ಹಳದಿ ನೋಟು 2017ರಲ್ಲಿ ಬಂದಿದ್ದಲ್ವಾ? ಅಕ್ಕ ಅದನ್ನು ತಿರುಗಿಸಿ ತಿರುಗಿಸಿ ನೋಡಿ, 'ಮಕ್ಕಳಾಟದ ದುಡ್ಡು ಕೊಟ್ಟವ್ರೆ' ಅಂತ ವಾಪಸ್ ಕೊಟ್ಟುಬಿಟ್ಟರು. ಗಾಂಧೀಜಿ ಚಿತ್ರ ತೋರಿಸಿದ ಮೇಲೆ ಒಪ್ಪಿಕೊಂಡರು.

ಬೀದಿ ಕೊನೆಯಲ್ಲಿ ಒಬ್ಬರು ತಳ್ಳುಗಾಡಿಯಲ್ಲಿ ಸೊಪ್ಪು ಮಾರುತ್ತಾರೆ. ಅಕ್ಕ ಹೋಗಿ ನಿಂತರೆ ಆಯಮ್ಮ ನನ್ನ ಮುಖ ನೋಡಿ ಕೇಳಿದರು: 'ಇವ್ರಿಗೆ ಏನು ಬೇಕಂತೆ?' ನಾನು 'ಅವರನ್ನೇ ಕೇಳಮ್ಮ' ಅಂದೆ. ಅಕ್ಕ ಏನೂ ಮಾತಾಡಲಿಲ್ಲ. ಹೀಗೆ ಎಷ್ಟೋ ಗುರುವಾರ ಆಯಿತು. ಆಯಮ್ಮ ನನ್ನನ್ನು ಕೇಳುವುದು, ನಾನು ಅಕ್ಕನ ಕಡೆ ತೋರಿಸುವುದು, ಅಕ್ಕ ಬೆರಳು ಮಾಡಿ ಒಂದು ಕಟ್ಟು ತೆಗೆದುಕೊಳ್ಳುವುದು.

ಒಂದು ದಿನ ಆಯಮ್ಮ ಒಂದು ಕಟ್ಟು ಎತ್ತಿ 'ಬೆರಕೆ ಸೊಪ್ಪು, ಮೂವತ್ತು ರೂಪಾಯಿ' ಅಂದರು. ಅಕ್ಕ ಅದನ್ನು ಕೈಗೆ ತೆಗೆದುಕೊಂಡು ದಾರ ಬಿಚ್ಚಿಯೇಬಿಟ್ಟರು. ಒಂದೊಂದೇ ಎಲೆ ಬಿಡಿಸಿ ಗಾಡಿ ಮೇಲೆ ಸಾಲಾಗಿ ಇಟ್ಟರು. 'ಇದು ದಂಟು. ಇದು ಕೀರೆ. ಇದೂ ದಂಟೇ. ಅಣ್ಣೆ ಸೊಪ್ಪು ಎಲ್ಲವ್ವಾ? ಹೊನಗೊನ್ನೆ ಎಲ್ಲಿ? ಎರಡು ಸೊಪ್ಪು ಸೇರ್ಸಿ ಕಟ್ಟಿದ್ರೆ ಬೆರಕೆ ಆಗ್ಬುಡ್ತದಾ?' ಆಯಮ್ಮನಿಗೆ ಸಿಟ್ಟು ಬಂತು. 'ಬೇಕಾದ್ರೆ ತಗೋ, ಇಲ್ದಿದ್ರೆ ಬುಡು. ಕಟ್ಟು ಬಿಚ್ಚಿದ್ರೆ ಇನ್ಯಾರು ತಗೋತಾರೆ?' ಇಬ್ಬರೂ ಜೋರುಜೋರಾಗಿ ಜಗಳ ಆಡಿದರು. ಅಕ್ಕ ರೂಪಾಯಿಗೆ ಎರಡು ಕಟ್ಟು ತಂದ ಕಾಲದವರು, ಸುಲಭಕ್ಕೆ ಬಿಡುತ್ತಾರಾ? ಕೊನೆಗೆ ಇಪ್ಪತ್ತಕ್ಕೆ ಇಳಿಯಿತು.

ನಾನು ಪಕ್ಕದಲ್ಲೇ ನಿಂತಿದ್ದೆ. ಆಯಮ್ಮ ಒಂದು ಸಲವೂ ನನ್ನ ಮುಖ ನೋಡಲಿಲ್ಲ. ನನಗಾದ ಖುಷಿ ಹೇಳತೀರದು. ಪಾಪ ಅನ್ನುವವರ ಜೊತೆ ಯಾರಾದರೂ ಜಗಳ ಆಡುತ್ತಾರಾ? ಅವತ್ತು ರಾತ್ರಿ ಆ ಮನೆಯಲ್ಲಿ ಮಸ್ಸೊಪ್ಪು, ಮುದ್ದೆ. ನಾನು ಉಂಡುಕೊಂಡೇ ಬಂದೆ.

ಇನ್ನೊಂದು ವಿಷಯ ಹೇಳಬೇಕು. ಇದನ್ನು ಹೇಳುವುದು ಕಷ್ಟ.

ಮಗಳ ಮದುವೆ ಓಡಾಟ. ಮೂರು ಗುರುವಾರ ನಾನು ಹೋಗಲಿಲ್ಲ. ಫೋನ್ ಕೂಡ ಮಾಡಲಿಲ್ಲ. ನಾಲ್ಕನೇ ವಾರ ಲಡ್ಡು ಡಬ್ಬ ಹಿಡಿದುಕೊಂಡು ಹೋದೆ. ಅಕ್ಕ ಒಳಗಿನ ಕೋಣೆಯಿಂದ ಬರಲೇ ಇಲ್ಲ. ಮನೆ ನೋಡಿಕೊಳ್ಳುವವರು ಹೇಳಿದರು, ಮೂರು ವಾರವೂ ನಾಲ್ಕು ಗಂಟೆಗೆ ಚೀಲ ಮಡಚಿ ತೊಡೆ ಮೇಲಿಟ್ಟುಕೊಂಡು ಗೇಟಿನ ಹತ್ತಿರ ಕೂತಿದ್ದರಂತೆ. ಕತ್ತಲಾದ ಮೇಲೆ ಒಳಗೆ ಕರೆದುಕೊಂಡು ಬರಬೇಕಾಯಿತಂತೆ. ನಾನು ಬಾಗಿಲಲ್ಲಿ ನಿಂತು 'ತಪ್ಪಾಯ್ತು ಅಕ್ಕಾ' ಅಂದೆ. ಗೋಡೆ ಕಡೆ ತಿರುಗಿಕೊಂಡೇ ಹೇಳಿದರು: 'ಆಸ್ಪತ್ರೆ ಗೇಟ್‌ನಲ್ಲಿ ನಮ್ಮಣ್ಣನೂ ಬರ್ತೀನಿ ಅಂತ್ಲೇ ಹೇಳ್ದ.'

19 ವರ್ಷ, ನೆನಪಿರಲಿ.

ಅವತ್ತಿನಿಂದ ಆ ಮನೆಯಲ್ಲಿ ನಾನು ಸುಮ್ನೆ 'ಬರ್ತೀನಿ' ಅನ್ನುವುದಿಲ್ಲ. 'ಮುಂದಿನ ಗುರುವಾರ ನಾಲ್ಕಕ್ಕೆ ಬರ್ತೀನಿ' ಅನ್ನುತ್ತೇನೆ. ಆಗದಿದ್ದರೆ 'ಮುಂದಿನ ವಾರ ಇಲ್ಲ, ಅದರ ಮುಂದಿನ ವಾರ' ಅಂತ ಹೇಳಿ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ ಬರುತ್ತೇನೆ. ಮಕ್ಕಳೇ, ನಿಮ್ಮನ್ನು ಕೇಳಿಕೊಳ್ಳುವುದೂ ಇಷ್ಟೇ. ಇಡೀ ಕಾಲೇಜು ಒಂದು ದಿನ ಬಸ್ ಮಾಡಿಕೊಂಡು ಬರುವುದು ಬೇಡ. ಹುಟ್ಟುಹಬ್ಬದ ಊಟ ಹಾಕಿಸಿ ಫೋಟೊ ತೆಗೆಸಿಕೊಳ್ಳುವುದಂತೂ ಬೇಡವೇ ಬೇಡ. ಇಬ್ಬರು ಬನ್ನಿ. ಅದೇ ಇಬ್ಬರು, ಅದೇ ದಿನ, ಅದೇ ಹೊತ್ತಿಗೆ. ಪರೀಕ್ಷೆ ಇದ್ದರೆ ಮೊದಲೇ ಹೇಳಿ. ಓದು ಮುಗಿಸಿ ಊರಿಗೆ ಹೋಗುವಾಗ, ದಯವಿಟ್ಟು, ಎದುರಿಗೆ ಕೂತು 'ಇನ್ಮೇಲೆ ಬರಕ್ಕಾಗಲ್ಲ' ಅಂತ ಹೇಳಿ. ಅತ್ತರೆ ಅಳಲಿ. ಗೇಟಿನಲ್ಲಿ ಕಾಯುವುದಕ್ಕಿಂತ ಅದು ವಾಸಿ.

ಪ್ರಿನ್ಸಿಪಾಲರು ಗಡಿಯಾರ ನೋಡುತ್ತಿದ್ದಾರೆ. ಇನ್ನೂ ನಾಲ್ಕು ವಿಷಯ ಬರೆದುಕೊಂಡು ಬಂದಿದ್ದೆ, ಬೇಗ ಹೇಳಿಬಿಡುತ್ತೇನೆ. 'ನಿಮಗೆ ಏನು ಕಾಯಿಲೆ' ಅಂತ ಕೇಳಬೇಡಿ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ, ಹೊರಗೆ ಹೇಳಬೇಡಿ. ಮಾತ್ರೆ ವಿಷಯಕ್ಕೆ ಕೈ ಹಾಕಬೇಡಿ. ಕೆಲವು ಮಾತ್ರೆಗಳಿಂದ ಕೈ ನಡುಗುತ್ತದೆ, ಬೆಳಿಗ್ಗೆ ಮಂಪರು ಇರುತ್ತದೆ. ಅದಕ್ಕೇ ಸಂಜೆ ಬನ್ನಿ, ಕಾಫಿ ಲೋಟ ಮುಕ್ಕಾಲು ಮಾತ್ರ ತುಂಬಿಸಿ. ಯಾಕೆ ಮುಕ್ಕಾಲು ಅಂತ ಎಲ್ಲರೆದುರು ವಿವರಿಸಬೇಡಿ, ಸುಮ್ನೆ ಕೊಡಿ. ಆಧಾರ್, ಪಿಂಚಣಿ ಅಂತ ಕಚೇರಿಗೆ ಹೋಗುವಾಗ ಜೊತೆಗೊಬ್ಬರು ಬೇಕಾಗುತ್ತದೆ, ಆ ಕೆಲಸ ನಿಮಗೆ ಚೆನ್ನಾಗಿ ಬರುತ್ತದೆ. ಉಳಿದದ್ದು ಬಂದಾಗ ಮಾತಾಡೋಣ.

ಬಾಗಿಲ ಹತ್ತಿರ ಒಂದು ಹಾಳೆ ಇಟ್ಟಿದ್ದೇನೆ. ಹೆಸರಿನ ಮುಂದೆ ವಾರದ ಯಾವ ದಿನ ಅಂತ ಬರೆಯಿರಿ. ದಿನ ಗೊತ್ತಿಲ್ಲದಿದ್ದರೆ ಇವತ್ತು ಬರೆಯಬೇಡಿ, ಮನೆಗೆ ಹೋಗಿ ಯೋಚನೆ ಮಾಡಿ.

ಹಾಂ, ಒಂದು ಮರೆತಿದ್ದೆ. ನಾನು ಇಲ್ಲಿಗೆ ಬರುವ ವಿಷಯ ಅಕ್ಕನಿಗೆ ಹೇಳಿದಾಗ ಒಂದು ಮಾತು ಹೇಳಿ ಕಳಿಸಿದ್ದಾರೆ. 'ಬರೋ ಮಕ್ಳಿಗೆ ಒಂದೊಂದು ಬಟ್ಟೆ ಚೀಲ ತರಕ್ಕೇಳಿ. ಆಯಮ್ಮ ಈಗ ಪ್ಲಾಸ್ಟಿಕ್ ಕೊಡಕಿಲ್ಲ. ನಮ್ಮನೆ ಚೀಲದ ಹಿಡಿ ಕಿತ್ತೋಗದೆ.'