ಮರಿಗೆ ಕೈ ಹಾಕುವ ಮುಂಚೆ ತಾಯಿಯನ್ನು ಹುಡುಕಿ

[ದೃಶ್ಯ: ಅಪಾರ್ಟ್‌ಮೆಂಟ್ ಬೇಸ್‌ಮೆಂಟ್. ಹಳೆಯ ಸ್ಕೂಟರ್ ಪಕ್ಕ ರಟ್ಟಿನ ಡಬ್ಬ. ಒಳಗೆ ಮೂರು ಬೆಕ್ಕಿನ ಮರಿಗಳು.]

ನಮಸ್ಕಾರ. ಬೇಸ್‌ಮೆಂಟ್‌ನಲ್ಲಿ ಸಣ್ಣಗೆ ಮಿಯಾಂವ್ ಕೇಳಿಸಿತು. ಬಗ್ಗಿ ನೋಡಿದರೆ ಮೂರು ಮರಿ. ತಾಯಿ ಎಲ್ಲೂ ಇಲ್ಲ. ಅಯ್ಯೋ ಪಾಪ ಅಂತ ಎತ್ತಿಕೊಂಡು ಮನೆಗೆ ತರುತ್ತೀರಿ, ಅಲ್ವಾ? ನಾನೂ ಒಂದು ಸಲ ತಂದಿದ್ದೆ. ಒಂದೆರಡು ಗಂಟೆ ಆದಮೇಲೆ ತಾಯಿ ಬಂದು, ಅದೇ ಸ್ಕೂಟರ್ ಸುತ್ತ ಸುತ್ತಿ ಸುತ್ತಿ ಕೂಗುವುದು ಎರಡನೇ ಮಹಡಿಗೆ ಕೇಳಿಸಿತು. ಆಗ ಗೊತ್ತಾಯಿತು, ನಾನು ಮಾಡಿದ್ದು ಮಕ್ಕಳ ಕಳ್ಳತನ ಅಂತ.

ಊಟ ಹುಡುಕಲು ಹೋದ ತಾಯಿ ಕೆಲವು ಗಂಟೆ ಬರುವುದಿಲ್ಲ. ನೀವು ಅಲ್ಲೇ ನಿಂತಿದ್ದರಂತೂ ಬರುವುದೇ ಇಲ್ಲ. ದೂರ ಹೋಗಿ ಕಾಯಿರಿ. ಮರಿಗಳು ಹೊಟ್ಟೆ ತುಂಬಿಸಿಕೊಂಡು ಒಂದರ ಮೇಲೊಂದು ಮಲಗಿದ್ದರೆ ತಾಯಿ ಇದ್ದಾಳೆ. ಮೈ ತಣ್ಣಗಾಗಿ, ಕೊಳೆಯಾಗಿ, ಬಿಡದೆ ಅಳುತ್ತಿದ್ದರೆ ಆಗ ಕೈ ಹಾಕಿ.

[ದೃಶ್ಯ: ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತುತ್ತಿರುವ ಕೈಗಳು.]

ಮೊದಲು ಬಿಸಿ, ಆಮೇಲೆ ಹಾಲು. ಮೈ ತಣ್ಣಗಿರುವ ಮರಿಗೆ ಹಾಲು ಅರಗುವುದಿಲ್ಲ. ಹಸುವಿನ ಹಾಲಂತೂ ಬೇಡ, ಭೇದಿ ಹಿಡಿಯುತ್ತದೆ. ಹುಟ್ಟಿದಾಗ ಸುಮಾರು 100 ಗ್ರಾಂ ಇರುವ ಜೀವ ಅದು, ಭೇದಿ ತಡೆಯುತ್ತದಾ? ಬೆಕ್ಕಿನ ಮರಿಗೆಂದೇ ಮಾಡಿದ ಹಾಲಿನ ಪುಡಿ ಪೆಟ್ ಶಾಪ್‌ಗಳಲ್ಲಿ ಸಿಗುತ್ತದೆ. ಕುಡಿಸುವಾಗ ಮಗುವಿನ ಹಾಗೆ ಅಂಗಾತ ಮಲಗಿಸಬೇಡಿ, ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಹೊಟ್ಟೆ ಕೆಳಗಿರಲಿ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಎಳೇ ಮರಿ ತಾನಾಗಿ ಉಚ್ಚೆ ಹೊಯ್ಯುವುದಿಲ್ಲ. ತಾಯಿ ನೆಕ್ಕಿದರೇ ಬರುವುದು. ತಾಯಿ ಇಲ್ಲದಿದ್ದರೆ ಉಗುರು ಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ನೀವು ಒರೆಸಬೇಕು. ಪ್ರತಿ ಸಲ ಹಾಲು ಕುಡಿಸಿದಾಗಲೂ, ರಾತ್ರಿ ಎರಡು ಗಂಟೆಗೂ. ತಾಯಿಯ ಹತ್ತಿರವೇ ಬಿಡಿ ಅನ್ನುವುದು ಸುಮ್ನೆ ಅಲ್ಲ.

ಈಗ ಆ ತಾಯಿಯ ವಿಷಯಕ್ಕೆ ಬರೋಣ.

ಬೆಕ್ಕು ಗರ್ಭ ಕಟ್ಟಿ ಸುಮಾರು 63 ದಿನಕ್ಕೆ ಈಯುತ್ತದೆ. ಮರಿ ಇನ್ನೂ ಹಾಲು ಕುಡಿಯುತ್ತಿರುವಾಗಲೇ ಮತ್ತೆ ಗಬ್ಬ ಆಗಬಹುದು. ಹೆಣ್ಣು ಮರಿ ನಾಲ್ಕೈದು ತಿಂಗಳಿಗೇ ಹೀಟ್‌ಗೆ, ಅಂದರೆ ಬೆದೆಗೆ, ಬರಬಹುದು. ಅಂದರೆ ಈ ಡಬ್ಬದಲ್ಲಿರುವ ಪುಟಾಣಿ ಇದೇ ವರ್ಷ ಅಮ್ಮನಾಗಬಹುದು. ಮೂರು ಮರಿಗೆ ಮನೆ ಹುಡುಕುವಷ್ಟರಲ್ಲಿ ಇನ್ನೊಂದು ಡಬ್ಬ ರೆಡಿ.

ಇದಕ್ಕೆ ನಮ್ಮ ಹಳೇ ಉಪಾಯ ಏನು? ಗೋಣಿಚೀಲಕ್ಕೆ ತುಂಬಿ ಮೀನು ಮಾರ್ಕೆಟ್ ಹತ್ತಿರ ಬಿಟ್ಟು ಬರುವುದು. ಹೊಸ ಜಾಗದಲ್ಲಿ ಆ ಬೆಕ್ಕಿಗೆ ಊಟವೂ ಗೊತ್ತಿಲ್ಲ, ಅಡಗುವ ಮೂಲೆಯೂ ಗೊತ್ತಿಲ್ಲ. ನಿಮ್ಮ ಬೇಸ್‌ಮೆಂಟ್‌ನಲ್ಲಿ ಕಸದ ಡಬ್ಬ, ಇಲಿ ಎಲ್ಲಾ ಹಾಗೇ ಇದೆ. ಖಾಲಿ ಆದ ಜಾಗಕ್ಕೆ ಇನ್ನೊಂದು ಬೆಕ್ಕು ಬರುತ್ತದೆ. ಸಾಕಿದ ಬೆಕ್ಕನ್ನು ಹೀಗೆ ಬಿಟ್ಟು ಬಂದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ.

ಕೆಲಸ ಆಗುವ ದಾರಿ ಬೇರೆ ಇದೆ: ಹಿಡಿ, ಮತ್ತೆ ಮರಿ ಆಗದ ಹಾಗೆ ಆಪರೇಷನ್ ಮಾಡಿಸು, ಅದೇ ಜಾಗಕ್ಕೆ ತಂದು ಬಿಡು. ಮರಿಗಳು ತಾವೇ ತಿನ್ನಲು ಶುರು ಮಾಡಿದ ಮೇಲೆ ತಾಯಿಗೆ ಆಪರೇಷನ್ ಮಾಡಿಸಬಹುದು. ಯಾವಾಗ ಅಂತ ಡಾಕ್ಟರ್ ನೋಡಿ ಹೇಳುತ್ತಾರೆ.

[ದೃಶ್ಯ: ಕಬ್ಬಿಣದ ಬೋನು. ತಳದಲ್ಲಿ ನ್ಯೂಸ್‌ಪೇಪರ್. ತುದಿಯಲ್ಲಿ ಬಂಗುಡೆ ತುಂಡು.]

ಮುಟ್ಟಲು ಬಿಡದ ಬೆಕ್ಕನ್ನು ಕೈಯಲ್ಲಿ ಹಿಡಿಯಲು ಹೋಗಬೇಡಿ. ಬೋನು ಇಡಿ. ಹಿಂದಿನ ರಾತ್ರಿಯಿಂದ ಯಾರೂ ಊಟ ಹಾಕಬಾರದು. ಇದೇ ದೊಡ್ಡ ತಲೆನೋವು. ಮೇಲಿನ ಮನೆ ಆಂಟಿ ಪ್ರೀತಿಯಿಂದ ಒಂದು ಬಟ್ಟಲು ಮೊಸರನ್ನ ಇಟ್ಟರೆ ಅವತ್ತಿನ ಕೆಲಸ ಕೆಟ್ಟಂತೆ. ಮೀನು ಕೊನೆಯ ತುದಿಗೆ ಇರಲಿ. ಬೆಕ್ಕು ಪೂರ್ತಿ ಒಳಗೆ ಹೋಗಿ ಹಲಗೆ ತುಳಿದಾಗ ಬಾಗಿಲು ಬೀಳುತ್ತದೆ. ಬಿದ್ದ ಕೂಡಲೇ ಬೆಡ್‌ಶೀಟ್ ಮುಚ್ಚಿ. ಕತ್ತಲಾದರೆ ಒದ್ದಾಟ ನಿಲ್ಲುತ್ತದೆ. ಅರ್ಧ ಸಿಕ್ಕಿ ತಪ್ಪಿಸಿಕೊಂಡರೆ ಮಾತ್ರ ಕಷ್ಟ. ಬಿಸಿ ಹಾಲು ಕುಡಿದು ನಾಲಿಗೆ ಸುಟ್ಟುಕೊಂಡ ತೆನಾಲಿ ರಾಮನ ಬೆಕ್ಕು ಇದೆಯಲ್ಲ, ಅದೇ ಕಥೆ. ಆಮೇಲೆ ಬೋನು ಕಂಡರೆ ಓಟ.

ಪ್ರಜ್ಞೆ ತಪ್ಪಿಸಿ ಆಪರೇಷನ್ ಮಾಡುವಾಗಲೇ ಒಂದು ಕಿವಿಯ ತುದಿಯನ್ನು ನೇರವಾಗಿ ಸ್ವಲ್ಪ ಕತ್ತರಿಸುತ್ತಾರೆ. ಜಗಳದಲ್ಲಿ ಹರಿದುಕೊಂಡಿದೆ ಅಂತ ಜನ ಅಂದುಕೊಳ್ಳುತ್ತಾರೆ. ಅದು ಗುರುತು. ದೂರದಿಂದಲೇ ಗೊತ್ತಾಗುತ್ತದೆ, ಇದನ್ನು ಮತ್ತೆ ಹಿಡಿಯುವುದು ಬೇಡ ಅಂತ. ರೇಬೀಸ್ ಲಸಿಕೆಯನ್ನೂ ಅವತ್ತೇ ಕೇಳಿ ಹಾಕಿಸಿಬಿಡಿ.

ನಡುವೆ ಎರಡು ಮಾತು. ನೋವಿದೆ ಅಂತ ಬೆಕ್ಕಿಗೆ ಪ್ಯಾರಾಸಿಟಮಾಲ್ ಕೊಡಲೇಬೇಡಿ, ಒಂದೇ ಮಾತ್ರೆ ಕೊಲ್ಲಬಹುದು. ಪರಚಿದರೆ, ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆಯಿರಿ, ಅವತ್ತೇ ಆಸ್ಪತ್ರೆಗೆ ಹೋಗಿ. ಅರಿಶಿನ ಮೆತ್ತಿ ಕೂರಬೇಡಿ.

[ದೃಶ್ಯ: ಸಂಜೆ. ಕಾಂಪೌಂಡ್ ಗೋಡೆ ಮೇಲೆ ಬೆಕ್ಕು. ಎಡಗಿವಿಯ ತುದಿ ಮೊಟಕು.]

ಇವಳೇ ಆ ತಾಯಿ. ಬಿಟ್ಟ ದಿನ ಬಾಗಿಲು ತೆಗೆದದ್ದೇ ತಡ, ನೇರ ಕಾರಿನ ಕೆಳಗೆ. ಎರಡು ದಿನ ಮುಖ ತೋರಿಸಲಿಲ್ಲ. ಮೂರನೇ ದಿನ ಇದೇ ಹೊತ್ತಿಗೆ ಬಂದು ಕೂತಳು. ಬಂಗುಡೆ ತಿನ್ನುತ್ತಾಳೆ, ಆದರೆ ಬಟ್ಟಲು ನೆಲದ ಮೇಲೆ, ಬಯಲಲ್ಲಿ ಇರಬೇಕು. ಬೋನು ಹಿಡಿದುಕೊಂಡು ಬಂದರೆ ಗೋಡೆಯ ಆ ಕಡೆ ಇಳಿದುಬಿಡುತ್ತಾಳೆ.