ಮೇನ್ ಇಳಿಸಿದರೂ ಮೆಷೀನಲ್ಲಿ ಕರೆಂಟ್ ಯಾಕೆ?

ದೃಶ್ಯ: ಪೀಣ್ಯದ ಒಂದು ಶೆಡ್. ಪ್ಯಾಕಿಂಗ್ ಮೆಷೀನಿನ ಪ್ಯಾನೆಲ್. ಕೆಂಪು ಹಿಡಿ ಆಫ್‌ಗೆ ತಿರುಗುತ್ತದೆ. ಟರ್ಮಿನಲ್ ಮೇಲಿಟ್ಟ ಮೀಟರ್ 230 ತೋರಿಸುತ್ತದೆ.

ಧ್ವನಿ: ಐಸೊಲೇಟರ್, ಅಂದರೆ ಈ ಕೆಂಪು ಹಿಡಿಯ ಮೇನ್ ಸ್ವಿಚ್, ಆಫ್ ಆಗಿದೆ. ಆರ್, ವೈ, ಬಿ ಮೂರೂ ಫೇಸ್‌ಗಳಲ್ಲಿ ಏನಿಲ್ಲ. ಆದರೆ 14ನೇ ಟರ್ಮಿನಲ್‌ನಲ್ಲಿ 230 ವೋಲ್ಟ್! ಇದು ಬಂದದ್ದು ಪಕ್ಕದ ಕಂಪ್ರೆಸರ್ ಪ್ಯಾನೆಲ್‌ನಿಂದ. ಗಾಳಿಯ ಒತ್ತಡ ಇದ್ದರೆ ಮಾತ್ರ ಮೆಷೀನ್ ಓಡಲಿ ಅಂತ ಯಾರೋ ಎರಡು ವೈರ್ ಎಳೆದಿದ್ದಾರೆ. ಆ ವೈರಿಗೆ ಈ ಹಿಡಿಯ ಹಂಗಿಲ್ಲ.

ಪರದೆ ಮೇಲೆ: ಐಇಸಿ 60204-1 (ಮೆಷೀನ್‌ಗಳ ಎಲೆಕ್ಟ್ರಿಕಲ್ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ)

ಧ್ವನಿ: ಈ ಮಾನದಂಡದ ಪ್ರಕಾರ ಮೆಷೀನಿಗೆ ಬರುವ ಪ್ರತಿಯೊಂದು ಸಪ್ಲೈಗೂ ಅದರದೇ ಡಿಸ್‌ಕನೆಕ್ಟ್, ಅಂದರೆ ಸಪ್ಲೈ ಕಡಿಯುವ ಸ್ವಿಚ್, ಬೇಕು, ಆಫ್‌ನಲ್ಲಿ ಬೀಗ ಹಾಕುವಂತಿರಬೇಕು. ಎರಡು ಹಿಡಿ ಇದ್ದು, ಒಂದನ್ನೇ ತಿರುಗಿಸಿದರೆ ಅಪಾಯ ಆಗುವಂತಿದ್ದರೆ, ಅದನ್ನು ತಡೆಯುವ ಇಂಟರ್‌ಲಾಕ್ ಕಡ್ಡಾಯ. ಕಂಪ್ರೆಸರ್‌ನಿಂದ ಬಂದ ಈ ಇಂಟರ್‌ಲಾಕ್ ವೈರಿನಂಥ ಕೆಲವು ಸರ್ಕ್ಯೂಟ್‌ಗಳಿಗೆ ಮೇನ್ ಜೊತೆ ಆಫ್ ಆಗದಿರಲು ವಿನಾಯಿತಿ ಇದೆ. ಆದರೆ ಹಿಡಿಯ ಪಕ್ಕ ಶಾಶ್ವತ ಎಚ್ಚರಿಕೆ ಫಲಕ ಇರಬೇಕು. ಅಂಥ ವೈರಿಗೆ ಕಿತ್ತಳೆ ಬಣ್ಣ. ಅಮೆರಿಕದ ವೈರಿಂಗ್ ನಿಯಮಾವಳಿ ಎನ್‌ಇಸಿಯ 430.113 ಕೂಡ, ಡಿಸ್‌ಕನೆಕ್ಟ್ ಒಂದಕ್ಕಿಂತ ಹೆಚ್ಚಿದ್ದರೆ ಪ್ರತಿಯೊಂದರ ಬಳಿಯೂ ಫಲಕ ಕೇಳುತ್ತದೆ.

ನಮ್ಮ ಶೆಡ್‌ಗಳಲ್ಲಿ 'ಡೇಂಜರ್' ಸ್ಟಿಕ್ಕರ್‌ಗೆ ಬರವಿಲ್ಲ. ಅದರಿಂದ ಫಿಟ್ಟರ್‌ಗೆ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ: 'ಟರ್ಮಿನಲ್ 14, 15ಕ್ಕೆ ಕಂಪ್ರೆಸರ್ ಪ್ಯಾನೆಲ್‌ನಿಂದ 230 ವೋಲ್ಟ್. ಅಲ್ಲಿ ಎಫ್3 ಫ್ಯೂಸ್ ತೆಗೆಯಿರಿ.'

ದೃಶ್ಯ: ಐಸೊಲೇಟರ್ ಪಕ್ಕಕ್ಕೆ ಆಕ್ಸಿಲಿಯರಿ ಬ್ಲಾಕ್ (ಹಿಡಿಯ ಜೊತೆಗೇ ತಿರುಗುವ ಹೆಚ್ಚುವರಿ ಕಾಂಟ್ಯಾಕ್ಟ್‌ಗಳು) ಕೂರಿಸುವುದು.

ಧ್ವನಿ: ಫಲಕಕ್ಕಿಂತ ಒಳ್ಳೆಯದು ಇದು. ಐಸೊಲೇಟರ್‌ಗೆ ಎರಡು ಎನ್‌ಒ ಕಾಂಟ್ಯಾಕ್ಟ್ (ಹಿಡಿ ಆಫ್ ಇದ್ದಾಗ ತೆರೆದಿರುವಂಥದ್ದು) ಇರುವ ಬ್ಲಾಕ್ ಸೇರಿಸಿ, ಹೊರಗಿನ ಫೇಸನ್ನೂ ನ್ಯೂಟ್ರಲನ್ನೂ ಅದರ ಮೂಲಕ ಒಯ್ಯಿರಿ. ಹಿಡಿ ಇಳಿದಾಗ ಎರಡೂ ಕಡಿಯುತ್ತವೆ. ಫೇಸ್ ಮಾತ್ರ ಕಡಿದು ನ್ಯೂಟ್ರಲ್ ಬಿಡುವವರೇ ಹೆಚ್ಚು. ಆ ನ್ಯೂಟ್ರಲ್ ಕಂಪ್ರೆಸರ್ ಕಡೆ ಬಿಚ್ಚಿಹೋದರೆ, ಅಲ್ಲಿನ ಲೋಡ್ ಮೂಲಕ ಅದರಲ್ಲೂ ವೋಲ್ಟೇಜ್ ಬರುತ್ತದೆ. ಬ್ಲಾಕಿನ ಒಳಬರುವ ಸ್ಕ್ರೂಗಳು ಯಾವಾಗಲೂ ಲೈವ್, ಮುಚ್ಚಳ ಮರೆಯಬೇಡಿ.

ಇನ್ನೂ ಸರಿಯಾದ ದಾರಿ, ರಿಲೇಯನ್ನು, ಅಂದರೆ ಕಾಯಿಲ್‌ಗೆ ಈ 230 ಬಂದಾಗ ಕಾಂಟ್ಯಾಕ್ಟ್ ಕೂಡಿಸುವ ಸ್ವಿಚ್ಚನ್ನು, ಕಂಪ್ರೆಸರ್ ಪ್ಯಾನೆಲ್ ಒಳಗೇ ಇಡುವುದು. ಅದರ ಕಾಂಟ್ಯಾಕ್ಟ್‌ಗೆ ನಿಮ್ಮ ಮೆಷೀನಿನ 24 ವೋಲ್ಟ್ ಡಿಸಿ ಕಳಿಸಿ. ರಿಲೇ ನಿಮ್ಮ ಪ್ಯಾನೆಲ್‌ನಲ್ಲಿದ್ದರೆ ಕಾಯಿಲ್ ಜೊತೆ 230 ಕೂಡ ಒಳಗೇ ಬರುತ್ತದೆ, ಉಪಯೋಗವಿಲ್ಲ.

ಮೆಷೀನ್ ನಡೆಸುವ ಕಂಟ್ರೋಲರ್ ಪಿಎಲ್‌ಸಿಗೆ ಯುಪಿಎಸ್ ಇದ್ದರೆ ಅದರ ಔಟ್‌ಪುಟ್‌ಗೂ ಡಿಸ್‌ಕನೆಕ್ಟ್, ಫಲಕದ ಇದೇ ನಿಯಮ. ಎಮರ್ಜೆನ್ಸಿ ಸ್ಟಾಪ್ ಒತ್ತಿದ್ದೇವೆ ಅನ್ನಬೇಡಿ. ಅದು ಮೆಷೀನ್ ನಿಲ್ಲಿಸುತ್ತದೆ, ಸಪ್ಲೈ ಕಡಿಯುವ ಸಾಧನ ಅಲ್ಲ. ಬೆಸ್ಕಾಂ ಕರೆಂಟ್ ಹೋದಾಗ 'ಹೇಗೂ ಇಲ್ಲವಲ್ಲ' ಅಂತ ಪ್ಯಾನೆಲ್ ಬಿಚ್ಚುವುದೂ ಬೇಡ. ಆಟೋ ಮೋಡ್‌ನಲ್ಲಿರುವ ಡಿಜಿ ಸೆಟ್ (ಡೀಸೆಲ್ ಜನರೇಟರ್) ಕೆಲವೇ ಸೆಕೆಂಡಿನಲ್ಲಿ ಲೋಡ್ ತೆಗೆದುಕೊಳ್ಳುತ್ತದೆ.

ದೃಶ್ಯ: ಮೋಟಾರ್ ವೇಗ ಬದಲಿಸುವ ಡ್ರೈವ್‌ನ ಡಿಸಿ ಟರ್ಮಿನಲ್‌ಗಳು.

ಧ್ವನಿ: 415 ವೋಲ್ಟ್ ಡ್ರೈವ್‌ನ ಕೆಪಾಸಿಟರ್‌ಗಳಲ್ಲಿ ಸುಮಾರು 585 ವೋಲ್ಟ್ ಡಿಸಿ ಇರುತ್ತದೆ. ಸಪ್ಲೈ ಕಡಿದ 5 ಸೆಕೆಂಡಿನೊಳಗೆ ಅದು 60 ವೋಲ್ಟ್‌ಗೆ ಇಳಿಯದಿದ್ದರೆ ಎಚ್ಚರಿಕೆ ಬರಹ ಇರಬೇಕು. ಡ್ರೈವ್ ಮೇಲೆ ಎಷ್ಟು ನಿಮಿಷ ಅಂತ ಬರೆದಿದೆಯೋ ಅಷ್ಟು ಕಾಯಿರಿ, ಆಮೇಲೂ ಡಿಸಿ ರೇಂಜ್‌ನಲ್ಲಿ ಅಳೆಯಿರಿ.

ಅಳೆಯುವ ಕ್ರಮ: ಮೊದಲು ಲೈವ್ ಇರುವ ಜಾಗದಲ್ಲಿ ಮೀಟರ್ ಪರೀಕ್ಷೆ. ಆಮೇಲೆ ಫೇಸ್-ಫೇಸ್, ಫೇಸ್-ನ್ಯೂಟ್ರಲ್, ಫೇಸ್-ಅರ್ತ್, ಜೊತೆಗೆ ಕಿತ್ತಳೆ ವೈರ್ ಸೇರುವ ಪ್ರತಿ ಟರ್ಮಿನಲ್. ಕೊನೆಗೆ ಮತ್ತೆ ಲೈವ್ ಜಾಗದಲ್ಲಿ ಮೀಟರ್. ನಡುವೆ ಅದರ ಫ್ಯೂಸ್ ಹೋಗಿದ್ದರೆ ಸೊನ್ನೆ ತೋರಿಸಿ ಮೋಸ ಮಾಡಿರುತ್ತದೆ.

ಪ್ಯಾನೆಲ್ ಮುಚ್ಚುವ ಮುಂಚೆ ಈ ಎರಡು ವೈರ್‌ಗಳನ್ನು ಎರಡೂ ಪ್ಯಾನೆಲ್‌ಗಳ ಡ್ರಾಯಿಂಗ್‌ನಲ್ಲಿ ಗುರುತು ಮಾಡಿ. ನಾಳೆ ಕಂಪ್ರೆಸರ್ ಬದಲಿಸಲು ಬರುವವರು ನೋಡುವುದು ಅದರ ಡ್ರಾಯಿಂಗ್ ಮಾತ್ರ.