ಮೋಟರ್‌ಹೋಮ್ ಸೋರುತ್ತಿದೆಯೇ? ಸಿಲಿಕೋನ್ ಟ್ಯೂಬು ಕೆಳಗಿಡಿ

[ದೃಶ್ಯ: ಗಾಡಿಯ ಹಿಂಬದಿಯ ಮೂಲೆ. ಹೆಬ್ಬೆರಳಲ್ಲಿ ಒತ್ತಿದರೆ ಒಳಗೋಡೆ ಸ್ಪಂಜಿನಂತೆ ತಗ್ಗುತ್ತದೆ]

ನಮಸ್ಕಾರ. ಹೊರಗಿನಿಂದ ನೋಡಿದರೆ ಈ ಮೋಟರ್‌ಹೋಮಿಗೆ, ಅಂದರೆ ಅಡುಗೆಮನೆ, ಹಾಸಿಗೆ ಎಲ್ಲ ಇರುವ ಗಾಡಿಗೆ, ಒಂದು ಗೀರೂ ಇಲ್ಲ. ಒಳಗಿನ ವಾಲ್‌ಪೇಪರ್ ಕೂಡ ನೀಟಾಗಿದೆ. ಅದರ ಹಿಂದಿನ ಮರ ಮಾತ್ರ ಕುಂಬಾಗಿದೆ. ಬ್ರಿಟನ್ನಿನಲ್ಲಿ ಹಳೇ ಮೋಟರ್‌ಹೋಮ್ ಕೊಂಡವರಿಗೆ ಎಂಜಿನ್ನಿಗಿಂತ ದೊಡ್ಡ ತಲೆನೋವು ಇದು. ಅಲ್ಲಿ ನೆಲೆಸಿ ಇಂಥ ಗಾಡಿಯ ಮೇಲೆ ಕಣ್ಣಿಟ್ಟಿರುವ ಕನ್ನಡದ ಕುಟುಂಬಗಳು ಈ ವಿಡಿಯೋ ಪೂರ್ತಿ ನೋಡಿ.

[ದೃಶ್ಯ: ಗೋಡೆಯನ್ನು ಅಡ್ಡಕ್ಕೆ ಕೊಯ್ದ ತುಂಡು]

ಗೋಡೆಯ ಒಟ್ಟು ದಪ್ಪ 25ರಿಂದ 30 ಮಿ.ಮೀ. ಅಷ್ಟೇ. ಹೊರಗೆ ತೆಳು ಅಲ್ಯೂಮಿನಿಯಂ ಹಾಳೆ ಅಥವಾ ಫೈಬರ್‌ಗ್ಲಾಸ್. ಒಳಗೆ 3 ಮಿ.ಮೀ. ಪ್ಲೈವುಡ್, ಅದರ ಮೇಲೆ ವಿನೈಲ್ ಹೊದಿಕೆ. ನಡುವೆ ಥರ್ಮೋಕೋಲ್, ಅಲ್ಲಲ್ಲಿ ಮರದ ರೀಪು. ಎಲ್ಲವನ್ನೂ ಅಂಟು ಹಾಕಿ ಒತ್ತಿರುತ್ತಾರೆ. ನೀರು ಒಳಗೆ ಹೋದರೆ ಆರಿ ಹೊರಬರಲು ದಾರಿಯೇ ಇಲ್ಲ, ಒಂದು ಕಡೆ ಲೋಹ, ಇನ್ನೊಂದು ಕಡೆ ವಿನೈಲ್. ಹೊಸ ಗಾಡಿಗಳಲ್ಲಿ ಮರದ ಬದಲು ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ರೀಪು ಬರುತ್ತಿದೆ, ಅದು ಕೊಳೆಯುವುದಿಲ್ಲ. ಆದರೂ ಪ್ಲೈ ಇದ್ದಲ್ಲಿ ತೇವದ ಕಾಟ ತಪ್ಪಿದ್ದಲ್ಲ.

ನೀರು ಹಾಳೆಯ ಮೂಲಕ ಬರುವುದು ಅಪರೂಪ, ಬರುವುದು ಸಂದುಗಳಲ್ಲಿ. ಚಾವಣಿ ಮತ್ತು ಗೋಡೆ ಸೇರುವ ಅಂಚಿಗೆ ಅಲ್ಯೂಮಿನಿಯಂ ಪಟ್ಟಿ ಅಥವಾ ಆನಿಂಗ್ ರೈಲು (ನೆರಳಿನ ಬಟ್ಟೆ ಸಿಕ್ಕಿಸುವ ಉದ್ದ ಪಟ್ಟಿ) ಕೂರಿಸಿ ಸ್ಕ್ರೂ ಹಾಕಿರುತ್ತಾರೆ, ಅಡಿಯಲ್ಲಿ ಬ್ಯೂಟೈಲ್ ಮ್ಯಾಸ್ಟಿಕ್, ಅಂದರೆ ರಬ್ಬರಿನಂಥ ಮೆತ್ತನೆಯ ಅಂಟು ಇರುತ್ತದೆ. ರಸ್ತೆಯಲ್ಲಿ ಹೋಗುವಾಗ ಇಡೀ ಪೆಟ್ಟಿಗೆ ತಿರುಚುತ್ತದೆ, ಬಿಸಿಲಿಗೆ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಮ್ಯಾಸ್ಟಿಕ್ ಮೆತ್ತಗಿರುವವರೆಗೆ ಅದೆಲ್ಲವನ್ನೂ ತಡೆದುಕೊಳ್ಳುತ್ತದೆ. ವರ್ಷಗಳು ಕಳೆದು ಅದು ಗಟ್ಟಿಯಾಗಿ ಬಿರುಕು ಬಿಟ್ಟಾಗ ನೀರು ಸ್ಕ್ರೂವಿನ ಜೊತೆಗೇ ಮರದೊಳಗೆ ಇಳಿಯುತ್ತದೆ. ರೂಫ್‌ಲೈಟಿನ (ಚಾವಣಿಯ ಕಿಟಕಿಯ) ಚೌಕಟ್ಟು, ಅಂಚಿನ ಸಣ್ಣ ದೀಪಗಳು, ಹಿಂದಿನ ಲೈಟಿನ ಗೂಡು, ಡ್ರೈವರ್ ತಲೆಯ ಮೇಲೆ ಮುಂದಕ್ಕೆ ಚಾಚಿದ ಲೂಟನ್ ಭಾಗದ ಅಡಿಸಂದು, ಚಾವಣಿಗೆ ಆಮೇಲೆ ಯಾರೋ ಹಾಕಿಸಿದ ಸೋಲಾರ್ ಪ್ಯಾನೆಲ್ಲಿನ ವೈರ್ ತೂತು: ಇವೂ ಅದೇ ಜಾತಿಯ ಶಂಕಿತರು.

ಒಳಗೆ ಕಂಡ ನೀರೆಲ್ಲ ಸೋರಿಕೆಯೂ ಅಲ್ಲ. ಒಲೆಗೆ ಬಳಸುವ ಪ್ರೋಪೇನ್ ಗ್ಯಾಸ್ ಒಂದು ಕಿಲೋ ಉರಿದರೆ 1.6 ಕಿಲೋದಷ್ಟು ನೀರು ಆವಿಯಾಗಿ ಬರುತ್ತದೆ. ಕಿಟಕಿ ಮುಚ್ಚಿ ಸಾರು ಕುದಿಸಿ, ನಾಲ್ಕು ಜನ ಮಲಗಿ ಎದ್ದರೆ ಬೆಳಿಗ್ಗೆ ಕಿಟಕಿಯಿಂದ ನೀರು ಇಳಿಯದೇ ಇರುತ್ತದೆಯೇ? ಇದು ಬೆವರು. ಕಿಟಕಿ, ಹಾಸಿಗೆಯ ಅಡಿ, ಕಪಾಟಿನ ಹಿಂಭಾಗದಲ್ಲಿ ಹರಡಿಕೊಂಡಿರುತ್ತದೆ, ಒರೆಸಿ ಗಾಳಿಯಾಡಿಸಿದರೆ ಹೋಗುತ್ತದೆ. ಒಂದೇ ಮೂಲೆಯಲ್ಲಿ, ಮಳೆಯಾದ ಮೇಲೆ ಹೆಚ್ಚಾಗುವ ತೇವ, ಮುಗ್ಗಲು ವಾಸನೆ, ಉಬ್ಬಿದ ವಾಲ್‌ಪೇಪರ್, ತುಕ್ಕು ಹಿಡಿದ ಸ್ಕ್ರೂ ತಲೆ ಕಂಡರೆ ಸೋರಿಕೆ ಎಂದೇ ಲೆಕ್ಕ.

[ದೃಶ್ಯ: ಎರಡು ಸೂಜಿಯ ತೇವ ಮೀಟರ್]

ಈಗ ಮರದಲ್ಲಿ ಶೇಕಡಾ ಎಷ್ಟು ತೇವ ಇದೆ ಎಂದು ತೋರಿಸುವ ಮೀಟರ್. ಎರಡು ಸೂಜಿ ಚುಚ್ಚುವ ಮಾದರಿಯನ್ನೇ ತಗೊಳ್ಳಿ. ಸೂಜಿಯಿಲ್ಲದ ಮೀಟರ್ ಗೋಡೆ ಕೆಡಿಸುವುದಿಲ್ಲ ನಿಜ, ಆದರೆ ಹಿಂದೆ ವೈರೋ ಲೋಹದ ಪಟ್ಟಿಯೋ ಇದ್ದರೆ ಅದನ್ನೂ ತೇವ ಅನ್ನುತ್ತದೆ. ಅದೂ ಇದ್ದರೆ ಅದರಲ್ಲಿ ಬೇಗ ಹುಡುಕಿ, ಸಂಶಯ ಬಂದಲ್ಲಿ ಸೂಜಿ ಚುಚ್ಚಿ. ಕಪಾಟಿನ ಒಳಗೆ, ಕಿಟಕಿ ಚೌಕಟ್ಟಿನ ಅಂಚಿನಲ್ಲಿ ಚುಚ್ಚಿದರೆ ತೂತು ಯಾರಿಗೂ ಕಾಣುವುದಿಲ್ಲ.

[ತೆರೆಯ ಮೇಲೆ: 15ರವರೆಗೆ / 15–20 / 20ರ ಮೇಲೆ / 30ರ ಮೇಲೆ]

ಶೇ. 15ರವರೆಗೆ ನಿಶ್ಚಿಂತೆ. 15ರಿಂದ 20 ಬಂದರೆ ಬರೆದಿಟ್ಟುಕೊಂಡು ಮೂರು ತಿಂಗಳ ಮೇಲೆ ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. 20 ದಾಟಿದರೆ ಎಲ್ಲಿಂದಲೋ ನೀರು ಬರುತ್ತಿದೆ. 30 ದಾಟಿದರೆ ಮರ ಹಾಳಾಗಿದೆ ಎಂದೇ ತಿಳಿಯಿರಿ. ಒಂದು ಅಂಕಿಗಿಂತ ಹೋಲಿಕೆ ಮುಖ್ಯ. ಇಡೀ ಗಾಡಿ 13 ತೋರಿಸಿ ಒಂದು ಮೂಲೆ ಮಾತ್ರ 19 ತೋರಿಸಿದರೆ ಆ ಮೂಲೆಯನ್ನು ನಂಬಬೇಡಿ.

ತೇವ ಕಂಡ ಜಾಗವೇ ಸೋರುವ ಜಾಗ ಅಂದುಕೊಳ್ಳುವುದು ದೊಡ್ಡ ತಪ್ಪು. ಚಾವಣಿಯಂಚಿನಲ್ಲಿ ಒಳಗೆ ಬಂದ ನೀರು ರೀಪಿನ ಗುಂಟ ಹರಿದು ಎರಡು ಮೀಟರ್ ಆಚೆ, ನೆಲದ ಮೂಲೆಯಲ್ಲಿ ಕಾಣಿಸಬಹುದು. ಹಾಗಾಗಿ ತೇವದಿಂದ ಮೇಲಕ್ಕೆ ಹತ್ತು ಸೆಂಟಿಮೀಟರಿಗೊಂದು ಸಲ ಅಳೆಯುತ್ತಾ ಹೋಗಿ. ಪೈಪಿನಲ್ಲಿ ನೀರು ಬಿಡುವುದಾದರೆ ಕೆಳಗಿನಿಂದ ಶುರುಮಾಡಿ. ಒಂದು ಸಂದಿಗೆ ಹತ್ತು ನಿಮಿಷ, ಒಳಗೊಬ್ಬರು ಟಾರ್ಚ್ ಹಿಡಿದಿರಲಿ, ಆಮೇಲೆ ಅದರ ಮೇಲಿನ ಸಂದು. ಮೇಲಿನಿಂದ ಶುರುಮಾಡಿದರೆ ಎಲ್ಲ ಸಂದೂ ಒಟ್ಟಿಗೆ ನೆನೆದು ಏನೂ ಗೊತ್ತಾಗುವುದಿಲ್ಲ. ಪ್ರೆಷರ್ ವಾಷರ್ ಮಾತ್ರ ಬೇಡ, ಸೋರದ ಸಂದನ್ನೂ ಅದು ಸೋರಿಸುತ್ತದೆ.

ಜಾಗ ಸಿಕ್ಕಿತು. ಹೆಚ್ಚಿನವರು ಇಲ್ಲೇ ಸಿಲಿಕೋನ್ ತಂದು ಅಂಚಿಗೆ ಬಳಿಯುತ್ತಾರೆ. ಸೋರಿಕೆಗೆ ಇದಕ್ಕಿಂತ ದುಬಾರಿ ಮದ್ದಿಲ್ಲ! ಒಳಗಿನ ಸತ್ತ ಮ್ಯಾಸ್ಟಿಕ್ ಹಾಗೇ ಇದೆ, ನೀರು ಮುಂದಿನ ಸ್ಕ್ರೂ ಹುಡುಕಿಕೊಳ್ಳುತ್ತದೆ. ಒಳಗೆ ಆಗಲೇ ಇರುವ ನೀರಿಗೆ ಹೊರಬರುವ ಕಿಂಡಿಯೂ ಮುಚ್ಚಿತು. ವಿನೆಗರ್ ವಾಸನೆಯ ಸಿಲಿಕೋನಾದರೆ ಅದರ ಆಮ್ಲ ಅಲ್ಯೂಮಿನಿಯಂ ತಿನ್ನುತ್ತದೆ. ಮುಂದೆ ಸರಿಯಾಗಿ ಮಾಡಲು ಹೊರಟರೆ ಅದರ ಪದರದ ಮೇಲೆ ಬೇರೇನೂ ಅಂಟುವುದೂ ಇಲ್ಲ.

[ದೃಶ್ಯ: ಆನಿಂಗ್ ರೈಲು ಬಿಚ್ಚುವುದು]

ಸರಿಯಾದ ಕೆಲಸ ಎಂದರೆ ರೈಲು ಬಿಚ್ಚುವುದು. ಒಣ ಹವೆ, 10 ಡಿಗ್ರಿಗಿಂತ ಹೆಚ್ಚು ಬಿಸಿ ಇರುವ ದಿನ ಇಬ್ಬರು ಕೂರಿ. ಆರು ಮೀಟರ್ ರೈಲಿಗೆ 30 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಬ್ಯೂಟೈಲ್ ಟೇಪು (ಪಟ್ಟಿಯ ರೂಪದ ಅದೇ ಮ್ಯಾಸ್ಟಿಕ್), ಐದು ಮೀಟರಿನ ಸುರುಳಿ ಎರಡು ಬೇಕು. ಮೊದಲು ಸ್ಕ್ರೂ ಮುಚ್ಚಿದ ಪ್ಲಾಸ್ಟಿಕ್ ಪಟ್ಟಿ ಎಳೆದು ತೆಗೆಯಿರಿ, ಅದಕ್ಕೆ ಹೊಸದೇ ಹಾಕಿ, ಹಳೆಯದು ಕುಗ್ಗಿರುತ್ತದೆ. ಸ್ಕ್ರೂ ಬಿಚ್ಚುವಾಗ ಎಣಿಸುತ್ತಾ ಹೋಗಿ. ತುಕ್ಕು ಹಿಡಿದದ್ದು, ಮುರಿದದ್ದು, ಸುಮ್ಮನೆ ತಿರುಗುವುದು ಎಲ್ಲಿದೆ ಎಂದು ಟೇಪಿನಲ್ಲಿ ಗುರುತು ಮಾಡಿ, ಕೊಳೆತ ಮರದ ನಕ್ಷೆ ಅಲ್ಲೇ ಸಿಗುತ್ತದೆ. ರೈಲನ್ನು ಒಂದೇ ತುದಿಯಿಂದ ಎಬ್ಬಿಸಬೇಡಿ, ಒಮ್ಮೆ ಬಾಗಿದರೆ ಮತ್ತೆ ನೇರವಾಗುವುದಿಲ್ಲ. ಹದವಾಗಿ ಬಿಸಿಗಾಳಿ ಕೊಟ್ಟು ಉದ್ದಕ್ಕೂ ಸ್ವಲ್ಪಸ್ವಲ್ಪವೇ ಬಿಡಿಸಿ.

ಹಳೇ ಮ್ಯಾಸ್ಟಿಕ್ ಕೆರೆಯಲು ಪ್ಲಾಸ್ಟಿಕ್ ಉಳಿ, ಉಳಿದದ್ದಕ್ಕೆ ವೈಟ್ ಸ್ಪಿರಿಟ್ (ಪೇಂಟ್ ತೆಳು ಮಾಡುವ ದ್ರವ), ಕೊನೆಗೆ ಜಿಡ್ಡು ಉಳಿಯದ ಪ್ಯಾನೆಲ್ ವೈಪ್ ಎಂಬ ಶುಚಿಮಾಡುವ ದ್ರವ. ಅರ್ಧ ದಿನ ಹೋಗುವುದು ಇಲ್ಲೇ, ಆತುರ ಮಾಡಿದರೆ ಮತ್ತೆ ಸೋರುತ್ತದೆ. ಸಡಿಲವಾದ ತೂತಿಗೆ ಮರದ ಬೆಣೆ ಅಂಟಿಸಿ. ಹೊಸ ಸ್ಕ್ರೂ ಸ್ಟೇನ್‌ಲೆಸ್ ಇರಲಿ, ಹಳೆಯದಕ್ಕಿಂತ ಒಂದು ಗಾತ್ರ ದಪ್ಪ. ಉದ್ದ ಮಾತ್ರ ಹೆಚ್ಚಿಸಬೇಡಿ, ಒಳಗೋಡೆಯಿಂದ ತುದಿ ಇಣುಕುತ್ತದೆ. ಬ್ಯೂಟೈಲ್ ಟೇಪನ್ನು ಎಳೆಯದೆ ರೈಲಿಗೆ ಅಂಟಿಸಿ, ರೈಲು ಕೂರಿಸಿ, ನಡುವಿನಿಂದ ತುದಿಗಳ ಕಡೆಗೆ ಸ್ಕ್ರೂ ಬಿಗಿಯಿರಿ. ಎರಡೂ ಅಂಚಿನಲ್ಲಿ ಮ್ಯಾಸ್ಟಿಕ್ ಉಕ್ಕಿ ಬರಬೇಕು. ಉಕ್ಕದ ಜಾಗ ತುಂಬಿಲ್ಲ. ಎರಡು ದಿನ ಬಿಟ್ಟು ಇನ್ನೊಮ್ಮೆ ಬಿಗಿದು, ಆಮೇಲೆ ಉಕ್ಕಿದ ಮ್ಯಾಸ್ಟಿಕ್ ಕತ್ತರಿಸಿ.

ರೂಫ್‌ಲೈಟಿಗೆ ಒಂದೇ ಎಚ್ಚರಿಕೆ: ಗಟ್ಟಿಯಾಗಿ ಅಂಟುವ ಪಾಲಿಯುರೆಥೇನ್ ಸೀಲಂಟ್ ಬೇಡ. ಕೆಲವು ಪ್ಲಾಸ್ಟಿಕ್‌ಗಳು ಅದರಿಂದ ಸೀಳುತ್ತವೆ, ಮುಂದೆ ಬಿಚ್ಚಲೂ ಆಗುವುದಿಲ್ಲ. ಗಟ್ಟಿಯಾಗದ ಬ್ಯೂಟೈಲ್ ಸಾಕು, ಸ್ಕ್ರೂ ಕೈಯಲ್ಲೇ ಬಿಗಿಯಿರಿ.

[ದೃಶ್ಯ: ಒಳಗೋಡೆ ಕತ್ತರಿಸಿದ ಭಾಗ]

ಮರ ಕುಂಬಾಗಿದ್ದರೆ ಹೊರಗಿನ ಸಂದು ಸರಿಮಾಡಿದ ಮೇಲೆಯೇ ಒಳಗೆ ಕೈ ಹಾಕಿ. ಬ್ಲೇಡ್ 3 ಮಿ.ಮೀ. ಮೀರಿ ಇಳಿಯದಂತೆ ಪ್ಲೈ ಕತ್ತರಿಸಿ, ಲಡ್ಡು ಹಿಡಿದ ಮರವನ್ನು ಗಟ್ಟಿ ಮರ ಸಿಗುವವರೆಗೆ ತೆಗೆಯಿರಿ. ಆಮೇಲೆ ಒಣಗಿಸುವುದು, ಇದಕ್ಕೆ ವಾರಗಟ್ಟಲೆ ಬೇಕು. ಚಳಿಯಲ್ಲಿ ಕಂಪ್ರೆಸರ್ ಇರುವ ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ಹೆಚ್ಚು ಕೆಲಸ ಮಾಡುವುದಿಲ್ಲ, ತೇವ ಹೀರುವ ವಸ್ತು ಬಳಸುವ ಡೆಸಿಕೆಂಟ್ ಮಾದರಿ ಬೇಕು. ಹೊಗೆಕೊಳವೆಯಿಲ್ಲದ ಗ್ಯಾಸ್ ಹೀಟರ್ ಹಚ್ಚಿ ಒಣಗಿಸುವವರಿದ್ದಾರೆ, ಆ 1.6 ಕಿಲೋ ಲೆಕ್ಕ ನೆನಪಿದೆಯಲ್ಲ? ಮೀಟರ್ 15ಕ್ಕಿಂತ ಕೆಳಗೆ ಬಂದ ಮೇಲೆ ಹೊಸ ರೀಪು. ತಾಮ್ರದ ಔಷಧಿ ಹಾಕಿದ ಹಸಿರು ಬಣ್ಣದ ಮರ ತರಬೇಡಿ, ತೇವ ಸೋಕಿದರೆ ಅದು ಅಲ್ಯೂಮಿನಿಯಂ ಹಾಳೆಯನ್ನೇ ತೂತು ಮಾಡುತ್ತದೆ. ಅಂಟು ತೆಳುವಾಗಿರಲಿ. ಪಾಲಿಯುರೆಥೇನ್ ಅಂಟು ನೊರೆಯಾಗಿ ಉಬ್ಬುತ್ತದೆ, ಹೆಚ್ಚಾದರೆ ಹೊರಗಿನ ಹಾಳೆ ಗುಬುಟೇಳುತ್ತದೆ. ಹೊಸ ಪ್ಲೈ ಮೇಲೆ ಹಲಗೆ ಇಟ್ಟು, ಎದುರು ಗೋಡೆಗೆ ಊರುಗೋಲು ಕೊಟ್ಟು ಒಂದು ದಿನ ಬಿಡಿ.

ವರ್ಕ್‌ಶಾಪಿನ ಬಿಲ್ಲು ಸಾವಿರಾರು ಪೌಂಡ್ ಆಗುವುದು ಸಾಮಾನಿಗಲ್ಲ. ಟೇಪು, ರೀಪು, ಪ್ಲೈ ಅಗ್ಗ. ಗೋಡೆ ಮುಟ್ಟಬೇಕಾದರೆ ಕಪಾಟು, ಹಾಸಿಗೆ, ಕೆಲವೊಮ್ಮೆ ಶವರ್ ಕೂಡ ಬಿಚ್ಚಿ ಮತ್ತೆ ಜೋಡಿಸಬೇಕು, ದುಡ್ಡು ಆ ಗಂಟೆಗಳಿಗೆ. ವಿಮೆಯವರು ನಿಧಾನವಾಗಿ ಜಿನುಗಿದ್ದಕ್ಕೆ ಸಾಮಾನ್ಯವಾಗಿ ಕೊಡುವುದಿಲ್ಲ. ತಯಾರಕರ ಸೋರಿಕೆ ವಾರಂಟಿ ಇದ್ದರೂ ವರ್ಷಕ್ಕೊಂದು ತೇವ ತಪಾಸಣೆ ತಪ್ಪಿದರೆ ಅದು ಬಿದ್ದುಹೋಗಬಹುದು.

ಹಳೇ ಗಾಡಿ ನೋಡಲು ಹೋದಾಗ ಗಾಡಿಯ ನಕ್ಷೆಯ ಮೇಲೆ ಅಂಕಿ ಬರೆದ ತೇವದ ವರದಿ ಕೇಳಿ, ತಾರೀಖು ನೋಡಿ. ಜುಲೈ ಬಿಸಿಲಿನಲ್ಲಿ ತೆಗೆದ 14, ಫೆಬ್ರವರಿಯ 14ಕ್ಕೆ ಸಮ ಅಲ್ಲ. ನಿಮ್ಮದೇ ಮೀಟರ್ ಜೇಬಿನಲ್ಲಿರಲಿ. ಚಾವಣಿಯಂಚಿನಲ್ಲಿ ಹೊಳೆಯುವ ಹೊಸ ಬಿಳಿ ಸಿಲಿಕೋನ್ ಗೆರೆ ಕಂಡರೆ ಅದರ ನೇರ ಕೆಳಗೆ, ಒಳಗಿನ ಕಪಾಟಿನಲ್ಲಿ ಮೊದಲ ಸೂಜಿ ಚುಚ್ಚಿ.